ಕಪಾಟಿನಲ್ಲಿ ಸಿಕ್ಕ ಬಿಳಿ ಬಿಲ್ಲೆ

ಕಳೆದ ತಿಂಗಳು ನನ್ನ ಹಳೆಯ ಲ್ಯಾಬಿಗೆ ಹೋಗಿದ್ದೆ. 29 ವರ್ಷ ಕೆಮಿಸ್ಟ್ರಿ ಪಾಠ ಮಾಡಿದ ಜಾಗ. ಈಗಿರುವ ಟೀಚರ್ ಫೋನ್ ಮಾಡಿ, "ಕಪಾಟು ಖಾಲಿ ಮಾಡ್ತಿದ್ದೀವಿ ಮೇಡಂ, ಅರ್ಧ ಬಾಟಲಿಗೆ ಲೇಬಲ್ಲೇ ಇಲ್ಲ, ಒಂದ್ಸಲ ಬಂದು ನೋಡ್ತೀರಾ" ಅಂದಿದ್ದರು. ಬಾಟಲಿಗಳ ಕೆಲಸ ಒಂದು ಗಂಟೆಯಲ್ಲಿ ಮುಗಿಯಿತು. ಕೊನೆಗೆ ಎಲ್ಲಕ್ಕಿಂತ ಕೆಳಗಿನ ಖಾನೆಯಲ್ಲಿ, ಹಳೆ ಪೇಪರಿನ ಅಡಿಯಲ್ಲಿ, ದಾರ ಸುತ್ತಿ ಇಟ್ಟಿದ್ದ ತಂತಿ ಜಾಲರಿಗಳ ಕಟ್ಟು ಸಿಕ್ಕಿತು.

ಲ್ಯಾಬಿನಲ್ಲಿ ನಿಂತು ಕೆಲಸ ಮಾಡಿದವರಿಗೆಲ್ಲ ಇದು ಗೊತ್ತು. ಮೂರು ಕಾಲಿನ ಸ್ಟ್ಯಾಂಡು, ಅದರ ಮೇಲೆ ಚೌಕದ ಜಾಲರಿ, ಜಾಲರಿಯ ನಡುವೆ ಬಿಳಿ ಬಿಲ್ಲೆ, ಬಿಲ್ಲೆಯ ಮೇಲೆ ಬೀಕರು. ಕೆಳಗೆ ಬರ್ನರ್. ಬಿಲ್ಲೆ ಇದ್ದರೆ ಉರಿ ಒಂದೇ ಕಡೆ ತಾಕದೆ ಹರಡಿಕೊಳ್ಳುತ್ತದೆ, ಗಾಜು ಸೀಳುವುದಿಲ್ಲ. ಆ ಬಿಲ್ಲೆಯೇ ಅಸ್ಬೆಸ್ಟಾಸ್. ಹೊಸತಿದ್ದಾಗ ರಟ್ಟಿನ ಹಾಗೆ ಗಟ್ಟಿ. ಕೆಲವು ತಿಂಗಳು ಉರಿಯಲ್ಲಿ ಬೆಂದ ಮೇಲೆ ಅಂಚು ಉದುರುತ್ತದೆ, ನಡುವೆ ಪುಡಿಪುಡಿಯಾಗುತ್ತದೆ.

ಮೇಲಿನ ಜಾಲರಿಯನ್ನು ಕೈಗೆ ತೆಗೆದುಕೊಂಡೆ. ಧೂಳು ಕೂತಿತ್ತು. ಉಫ್ ಅಂತ ಊದಲು ಬಾಯಿಯ ಹತ್ತಿರ ತಂದೂ ಬಿಟ್ಟಿದ್ದೆ. ಅಲ್ಲಿ ಕೈ ನಿಂತಿತು. 29 ವರ್ಷ ಹೀಗೇ ಊದಿದ್ದೇನೆ. ವಾರಕ್ಕೆ ನಾಲ್ಕೈದು ಪ್ರಾಕ್ಟಿಕಲ್ ಕ್ಲಾಸು.

ಹೊಸ ಟೀಚರ್ ನನ್ನ ಮುಖ ನೋಡಿ ಸಮಾಧಾನಕ್ಕೆ ಒಂದು ಮಾತು ಹೇಳಿದರು: "ಬಿಡಿ ಮೇಡಂ, ಇದರ ಧೂಳು ಅಪಾಯ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ."

ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು. ಆದರೆ ಆ ಮಾತು ನನ್ನ ಜೊತೆ ಮನೆಗೆ ಬಂತು. 'ಆಗ' ಅಂದರೆ ಯಾವಾಗ? 'ಯಾರಿಗೂ' ಅಂದರೆ ಯಾರಿಗೆ? ನಾನು ಪಾಠ ಶುರು ಮಾಡಿದ್ದು 1986ರಲ್ಲಿ. ಮಕ್ಕಳ ರೆಕಾರ್ಡ್ ಬುಕ್ಕಿನಲ್ಲಿ ಒಂದು ಅಂಕಿ ತಪ್ಪಿದರೂ ಕೆಂಪು ಗೆರೆ ಎಳೆದವಳು ನಾನು. ಈ ಮಾತನ್ನೂ ಒಮ್ಮೆ ತಿದ್ದಿ ನೋಡೋಣ ಅನಿಸಿತು.

ಮೊದಲು ಒಂದು ತಪ್ಪೊಪ್ಪಿಗೆ. ಜಾಲರಿ ಒಂದೇ ಅಲ್ಲ. ನನ್ನ ಹತ್ತಿರ ಒಂದು ಪುಟ್ಟ ಡಬ್ಬಿಯಲ್ಲಿ ಅಸ್ಬೆಸ್ಟಾಸ್ ನಾರಿನ ಒಂದು ಮುಷ್ಟಿ ಇತ್ತು. ಪ್ರತಿ ವರ್ಷ ಮೊದಲ ಕ್ಲಾಸಿನಲ್ಲಿ ಅದನ್ನು ಇಕ್ಕಳದಲ್ಲಿ ಹಿಡಿದು ಬರ್ನರಿನ ನೀಲಿ ಉರಿಯಲ್ಲಿ ಇಡುತ್ತಿದ್ದೆ. ಕೆಂಪಗೆ ಹೊಳೆಯುತ್ತಿತ್ತು, ಉರಿಯುತ್ತಿರಲಿಲ್ಲ. ತಣಿದ ಮೇಲೆ, "ಮುಟ್ಟಿ ನೋಡಿ, ಹತ್ತಿ ಥರ ಇದೆ, ಆದರೆ ಇದು ಕಲ್ಲು" ಅಂತ ಬೆಂಚಿನಿಂದ ಬೆಂಚಿಗೆ ಕಳಿಸುತ್ತಿದ್ದೆ. ಬೋರ್ಡಿನ ಮೇಲೆ 'ಕಲ್ನಾರು' ಅಂತ ಬರೆಯುತ್ತಿದ್ದೆ. ಕಲ್ಲು, ನಾರು. ಇಷ್ಟು ಚೆನ್ನಾಗಿ ವಸ್ತುವನ್ನು ಹೇಳುವ ಪದ ಬೇರೆ ಭಾಷೆಗಳಲ್ಲಿ ಕಡಿಮೆ ಅಂತ ನನಗೆ ಈಗಲೂ ಅನಿಸುತ್ತದೆ. ಗ್ರೀಕಿನ 'ಅಸ್ಬೆಸ್ಟೋಸ್' ಅಂದರೆ 'ಆರದ್ದು'. ಅವರು ಆ ಪದವನ್ನು ಸುಟ್ಟ ಸುಣ್ಣಕ್ಕೆ ಬಳಸುತ್ತಿದ್ದರು. ಹೇಗೋ ಈ ಕಲ್ಲಿಗೆ ಅಂಟಿಕೊಂಡಿತು. ನಮ್ಮ ಪದ ನೇರವಾಗಿದೆ. ಮುಂದೆ ಹೇಳುವ ಕಾಯಿಲೆಯ ಗುಟ್ಟು ಪೂರ್ತಿ ಆ 'ನಾರು' ಅನ್ನುವುದರಲ್ಲೇ ಇದೆ. ಅದು ನನಗೆ ಹೊಳೆಯಲೇ ಇಲ್ಲ.

ಹಳೆಯ ಕಥೆಗಳು ಮಕ್ಕಳಿಗೆ ಇಷ್ಟ, ನನಗೂ ಇಷ್ಟ. ಫಿನ್‌ಲೆಂಡಿನಲ್ಲಿ ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಮಡಕೆಯ ಮಣ್ಣಿಗೆ ಕಲ್ನಾರು ಬೆರೆಸುತ್ತಿದ್ದರು, ಮಡಕೆ ಒಡೆಯದಿರಲಿ ಅಂತ. ಹಳೆಯ ಸಂಸ್ಕೃತದಲ್ಲಿ 'ಅಗ್ನಿಶೌಚ' ಬಟ್ಟೆಯ ಮಾತು ಬರುತ್ತದೆ. ಬೆಂಕಿಯಲ್ಲಿ ತೊಳೆದು ಶುದ್ಧ ಮಾಡುವ ಬಟ್ಟೆ. ಅದು ಕಲ್ನಾರಿನ ಬಟ್ಟೆಯೇ ಇರಬೇಕು ಅಂತ ಕೆಲವು ವಿದ್ವಾಂಸರ ಊಹೆ. ಚೀನಾದವರೂ ಅದನ್ನು 'ಬೆಂಕಿಯಲ್ಲಿ ಒಗೆದ ಬಟ್ಟೆ' ಅಂತಲೇ ಕರೆದರು. ಬೆಂಕಿಯಲ್ಲಿ ಬದುಕುವ ಸಾಲಮ್ಯಾಂಡರ್ ಅನ್ನುವ ಪ್ರಾಣಿಯ ಉಣ್ಣೆ ಅದು ಅಂತ ಯುರೋಪಿನಲ್ಲಿ ನಂಬಿದ್ದರು. ಮಾರ್ಕೊ ಪೋಲೊ ಬಂದು, ಪ್ರಾಣಿ ಗೀಣಿ ಏನಿಲ್ಲ, ಬೆಟ್ಟದಿಂದ ಅಗೆದು ತೆಗೆಯುತ್ತಾರೆ ಅಂದ. ಬೆಂಜಮಿನ್ ಫ್ರಾಂಕ್ಲಿನ್ ಇನ್ನೂ ಹುಡುಗನಾಗಿದ್ದಾಗ, 1725ರಲ್ಲಿ, ಕಲ್ನಾರಿನಲ್ಲಿ ಹೆಣೆದ ಒಂದು ಪುಟ್ಟ ಚೀಲವನ್ನು ಲಂಡನ್ನಿನಲ್ಲಿ ಹ್ಯಾನ್ಸ್ ಸ್ಲೋನ್ ಅವರಿಗೆ ಮಾರಿದ್ದ. ಚೀಲ ಅಲ್ಲಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿ ಈಗಲೂ ಇದೆ.

ಇನ್ನೊಂದು ಕಥೆಯನ್ನೂ ನಾನು ಕ್ಲಾಸಿನಲ್ಲಿ ಹೇಳುತ್ತಿದ್ದೆ. ರೋಮಿನ ಪ್ಲಿನಿ ಎರಡು ಸಾವಿರ ವರ್ಷದ ಹಿಂದೆಯೇ ಕಲ್ನಾರು ನೇಯುವ ಗುಲಾಮರ ಎದೆ ಕಾಯಿಲೆಯ ಬಗ್ಗೆ ಬರೆದಿದ್ದ, ಅವರು ಪ್ರಾಣಿಯ ಮೂತ್ರಕೋಶದ ಪೊರೆಯನ್ನು ಮುಖಕ್ಕೆ ಕಟ್ಟಿಕೊಳ್ಳುತ್ತಿದ್ದರು ಅಂತ. ಎಷ್ಟೋ ಕಡೆ ಹೀಗೆ ಬರೆದಿದ್ದಾರೆ. ಅದು ತಪ್ಪು. ಪ್ಲಿನಿ ಮುಖಕ್ಕೆ ಪೊರೆ ಕಟ್ಟಿಕೊಳ್ಳುವ ಮಾತು ಹೇಳಿದ್ದು ಇಂಗಳೀಕ, ಅಂದರೆ ಪಾದರಸದ ಕೆಂಪು ಅದಿರನ್ನು ಪುಡಿ ಮಾಡುವವರ ಬಗ್ಗೆ. ಯಾರೋ ಎರಡನ್ನೂ ಹೊಲಿದು ಒಂದು ಮಾಡಿದರು, ಉಳಿದವರು ನಕಲು ಹೊಡೆದರು. ಅದರಲ್ಲಿ ನಾನೂ ಒಬ್ಬಳು. ನನ್ನ ಹಳೆ ವಿದ್ಯಾರ್ಥಿಗಳು ಯಾರಾದರೂ ಓದುತ್ತಿದ್ದರೆ ದಯವಿಟ್ಟು ತಿದ್ದಿಕೊಳ್ಳಿ.

ಹಾಗಾಗಿ ರೋಮನ್ನರನ್ನು ಬಿಡೋಣ. ಆ ಕಾಲದಲ್ಲಿ ಕಲ್ನಾರು ಒಂದು ಬೆರಗಿನ ವಸ್ತು, ಹಿಡಿಯಷ್ಟು ಇದ್ದರೆ ಹೆಚ್ಚು. ಲೆಕ್ಕ ಶುರುವಾಗುವುದು ಹಬೆ ಯಂತ್ರದಿಂದ. ಬಾಯ್ಲರಿಗೆ ಸುತ್ತಲು, ಪೈಪಿನ ಕೀಲುಗಳಲ್ಲಿ ಹಬೆ ಸೋರದಂತೆ ತುಂಬಲು, ಕಾಯಿಸಿದರೂ ಸುಡದ ವಸ್ತು ಬೇಕಿತ್ತು. 1870ರ ದಶಕದಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ದೊಡ್ಡ ಗಣಿಗಳು ತೆರೆದವು. ಅಲ್ಲೊಂದು ಊರಿನ ಹೆಸರೇ 'ಅಸ್ಬೆಸ್ಟೋಸ್' ಅಂತಾಯಿತು. 1900ರ ಸುಮಾರಿಗೆ ಆಸ್ಟ್ರಿಯಾದ ಲುಡ್ವಿಗ್ ಹಾಟ್ಷೆಕ್, ಕಾಗದ ಮಾಡುವ ಯಂತ್ರದ ಮಾದರಿಯಲ್ಲೇ ಸಿಮೆಂಟು, ನೀರು, ಕಲ್ನಾರು ಬೆರೆಸಿ ಹಾಳೆ ಎಳೆದ. ಕಲ್ನಾರು ಸುಮಾರು ಹತ್ತರಲ್ಲಿ ಒಂದು ಪಾಲು. ಅದಕ್ಕೆ 'ಎಟರ್ನಿಟ್' ಅಂತ ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ಶಾಶ್ವತ ಅನ್ನುವ ಪದದಿಂದ ಬಂದದ್ದು. ಸಿಮೆಂಟ್ ಶೀಟಿನ ಹುಟ್ಟು ಇದು.

ಈಗ ತಾರೀಖುಗಳಿಗೆ ಬರುತ್ತೇನೆ.

1898. ಬ್ರಿಟನ್ನಿನಲ್ಲಿ ಲೂಸಿ ಡೀನ್ ಅನ್ನುವ ಕಾರ್ಖಾನೆ ಇನ್‌ಸ್ಪೆಕ್ಟರ್ ಇದ್ದರು. ಆ ಕೆಲಸಕ್ಕೆ ಸೇರಿದ ಮೊದಲ ಕೆಲವೇ ಹೆಂಗಸರಲ್ಲಿ ಒಬ್ಬರು. ಅಸ್ಬೆಸ್ಟಾಸ್ ಕಾರ್ಖಾನೆಯ ಧೂಳು ಕೆಲಸದವರಿಗೆ ಕೆಡುಕು ಮಾಡುತ್ತಿದೆ ಅಂತ ವರದಿ ಬರೆದರು. ಧೂಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಸಿದಾಗ ಕಣಗಳು ಒಡೆದ ಗಾಜಿನ ಹಾಗೆ ಚೂಪಾಗಿ ಕಂಡವು ಅಂತಲೂ ದಾಖಲಿಸಿದರು. ವರದಿ ಅಚ್ಚಾಯಿತು. ಫೈಲಿಗೆ ಹೋಯಿತು. ಅದೇ 1898ರಲ್ಲಿ ಅಮೆರಿಕದಲ್ಲಿ ಅಸ್ಬೆಸ್ಟಾಸ್ ಉದ್ಯಮವನ್ನು ಕಟ್ಟಿ ಬೆಳೆಸಿದ ಹೆನ್ರಿ ವಾರ್ಡ್ ಜಾನ್ಸ್ ಎದೆ ಕಾಯಿಲೆಯಿಂದ ತೀರಿಕೊಂಡ. ಅದು ಅಸ್ಬೆಸ್ಟೋಸಿಸ್, ಅಂದರೆ ಕಲ್ನಾರಿನ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆಯೇ ಇರಬೇಕು ಅಂತ ಈಗ ಹೇಳುತ್ತಾರೆ.

1899. ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಗೆ 33 ವರ್ಷದ ಒಬ್ಬ ಬಂದ. ಉಸಿರೇ ಸಾಲದು. 14 ವರ್ಷ ಅಸ್ಬೆಸ್ಟಾಸ್ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದ. ನಾರು ಹಿಂಜುವ ಕೋಣೆಯಲ್ಲಿ ತನ್ನ ಜೊತೆ ಇದ್ದ ಹತ್ತು ಜನರಲ್ಲಿ ಉಳಿದವನು ತಾನೊಬ್ಬನೇ ಅಂತ ಡಾಕ್ಟರ್ ಮಾಂಟಾಗ್ಯೂ ಮರ್ರೆ ಅವರಿಗೆ ಹೇಳಿದ. ಮರುವರ್ಷ ಅವನೂ ಹೋದ. ಶ್ವಾಸಕೋಶದಲ್ಲಿ ಕಲ್ನಾರಿನ ಎಳೆಗಳು ಸಿಕ್ಕವು. 1906ರಲ್ಲಿ ಡಾಕ್ಟರು ಇದನ್ನು ಸರ್ಕಾರದ ಸಮಿತಿಯ ಮುಂದೆ ಹೇಳಿದರು. ಹೇಳಿ, ಈಗ ಧೂಳು ತಡೆಯುವ ವ್ಯವಸ್ಥೆ ಸುಧಾರಿಸಿದೆಯಂತೆ, ಇನ್ನು ಮುಂದೆ ಇಂಥದ್ದು ಕಡಿಮೆಯಾಗಬಹುದು ಅಂತಲೂ ಸೇರಿಸಿದರು. ಈ 'ಅಂತೆ'ಯನ್ನು ಓದುವಾಗ ನನಗೆ ಸಂಕಟವಾಗುತ್ತದೆ. ಅದೇ 1906ರಲ್ಲಿ ಫ್ರಾನ್ಸಿನಲ್ಲೂ ಒಬ್ಬ ಇನ್‌ಸ್ಪೆಕ್ಟರ್, ಕಲ್ನಾರು ನೂಲುವ ಒಂದು ಕಾರ್ಖಾನೆಯಲ್ಲಿ ಆದ ಸುಮಾರು 50 ಸಾವುಗಳ ಬಗ್ಗೆ ಬರೆದರು.

1918ರ ಹೊತ್ತಿಗೆ ಅಮೆರಿಕ, ಕೆನಡಾಗಳಲ್ಲಿ ವಿಮಾ ಕಂಪನಿಗಳು ಅಸ್ಬೆಸ್ಟಾಸ್ ಕೆಲಸದವರಿಗೆ ಜೀವವಿಮೆ ಕೊಡಲು ಹಿಂಜರಿಯುತ್ತಿದ್ದವು. ಡಾಕ್ಟರು, ಮಂತ್ರಿ, ಮಾಲೀಕ ಎಲ್ಲರೂ ವಾದ ಮಾಡಬಹುದು. ವಿಮೆಯವರು ವಾದ ಮಾಡುವುದಿಲ್ಲ, ಲೆಕ್ಕ ಹಾಕುತ್ತಾರೆ. ಅವರಿಗೆ ಗೊತ್ತಿತ್ತು.

ಆಮೇಲೆ ನೆಲ್ಲಿ ಕರ್ಷಾ. ಇವರ ಹತ್ತಿರ ನಾನು ಜಾಸ್ತಿ ಹೊತ್ತು ನಿಂತೆ. ಇಂಗ್ಲೆಂಡಿನ ರಾಚ್‌ಡೇಲ್‌ನವರು. 12ನೇ ವಯಸ್ಸಿಗೆ ಹತ್ತಿ ಗಿರಣಿಗೆ ಸೇರಿದವರು, ಆಮೇಲೆ ಟರ್ನರ್ ಬ್ರದರ್ಸ್ ಕಾರ್ಖಾನೆಯಲ್ಲಿ ಕಲ್ನಾರು ನೂಲುತ್ತಿದ್ದರು. ಉಸಿರು ಕಟ್ಟಿ ಕೆಲಸ ಬಿಡಬೇಕಾಯಿತು. ಅವರ ಡಾಕ್ಟರು 'ಅಸ್ಬೆಸ್ಟಾಸ್ ವಿಷ' ಅಂತ ಬರೆದುಕೊಟ್ಟರು. ಕಂಪನಿ ಒಪ್ಪಲಿಲ್ಲ. ಅಸ್ಬೆಸ್ಟಾಸ್ ವಿಷವಲ್ಲ ಅಂತ ಹೇಳಿ ಪರಿಹಾರ ಕೊಡಲಿಲ್ಲ. 1924ರ ಮಾರ್ಚ್ 14ರಂದು ನೆಲ್ಲಿ ತೀರಿಕೊಂಡರು. ವಯಸ್ಸು 33. ಕಲ್ಲಿಲ್ಲದ ಸಮಾಧಿಯಲ್ಲಿ ಮಣ್ಣು ಮಾಡಿದರು. ಅವರ ಶ್ವಾಸಕೋಶವನ್ನು ಪರೀಕ್ಷಿಸಿದ ಡಾಕ್ಟರ್ ವಿಲಿಯಂ ಕುಕ್, ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. 1927ರಲ್ಲಿ ಆ ಕಾಯಿಲೆಗೆ 'ಅಸ್ಬೆಸ್ಟೋಸಿಸ್' ಅನ್ನುವ ಹೆಸರನ್ನೂ ಕೊಟ್ಟರು.

ಕೆಮಿಸ್ಟ್ರಿ ಟೀಚರಿಗೆ ಕೋಪ ಬರಿಸುವ ಸಂಗತಿ ಏನು ಗೊತ್ತಾ? ಪುಸ್ತಕದ ಪ್ರಕಾರ ಕಂಪನಿ ಹೇಳಿದ್ದು ಸರಿ. ಕಲ್ನಾರಿನಲ್ಲಿ ಬಿಳಿ, ನೀಲಿ, ಕಂದು ಅಂತ ಬಗೆಗಳಿವೆ. ಬಿಳಿ ಕಲ್ನಾರು ಅಂದರೆ ನೀರಿನ ಅಂಶ ಸೇರಿದ ಮೆಗ್ನೀಸಿಯಂ ಸಿಲಿಕೇಟ್. ಅದರಲ್ಲಿ ಆರ್ಸೆನಿಕ್ ಇಲ್ಲ, ಸೀಸ ಇಲ್ಲ. ಟಾಲ್ಕಂ ಪುಡಿಯ ಕಲ್ಲು ಕೂಡ ಮೆಗ್ನೀಸಿಯಂ ಸಿಲಿಕೇಟೇ. ಸೂತ್ರವನ್ನು ಬೋರ್ಡಿನ ಮೇಲೆ ಬರೆದು ಎಷ್ಟು ಹೊತ್ತು ನೋಡಿದರೂ ವಿಷ ಕಾಣುವುದಿಲ್ಲ. ನಾನು 29 ವರ್ಷ ನೋಡಿದ್ದು ಆ ಸೂತ್ರವನ್ನೇ.

ತೊಂದರೆ ಇರುವುದು ಆಕಾರದಲ್ಲಿ. ಬೇರೆ ಕಲ್ಲನ್ನು ಕುಟ್ಟಿದರೆ ಪುಡಿಯಾಗುತ್ತದೆ. ಇದು ಉದ್ದಕ್ಕೆ ಸೀಳುತ್ತದೆ. ಸೀಳಿದ ಎಳೆ ಮತ್ತೆ ಸೀಳುತ್ತದೆ. ಕೊನೆಗೆ ಉಳಿಯುವ ಒಂಟಿ ಎಳೆ ಕೂದಲಿಗಿಂತ ಸಾವಿರ ಪಟ್ಟಿಗೂ ಹೆಚ್ಚು ತೆಳು. ಕಣ್ಣಿಗೆ ಕಾಣದು, ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತದೆ. ಉದ್ದವಿದ್ದರೂ ತೆಳುವಾದ್ದರಿಂದ ಉಸಿರಿನ ಜೊತೆ ಕೊನೆಯ ಗಾಳಿಗೂಡಿನ ತನಕ ನೇರ ಇಳಿಯುತ್ತದೆ.

ಅಲ್ಲಿ ನಮ್ಮ ದೇಹದ ಕಸ ಗುಡಿಸುವ ಕೋಶಗಳಿವೆ. ಧೂಳು ಬಂದರೆ ನುಂಗಿ ಸಾಗಿಸುವುದು ಅವುಗಳ ಕೆಲಸ. ಸಾಮಾನ್ಯ ಕಣವಾದರೆ ಒಂದೇ ಗುಟುಕು. ಕಲ್ನಾರಿನ ಉದ್ದ ಎಳೆ ಆ ಕೋಶಕ್ಕಿಂತಲೂ ಉದ್ದ. ಅರ್ಧ ನುಂಗುತ್ತದೆ, ಉಳಿದರ್ಧ ಹೊರಗೇ. ಉಗುಳಲೂ ಆಗದು. ಒಳಗೆ ಇಟ್ಟುಕೊಂಡ ಖಾರದ ರಸವೆಲ್ಲ ಹೊರಗೆ ಚೆಲ್ಲಿ, ಸುತ್ತಲಿನ ಅಂಗಾಂಶವನ್ನು ಸುಟ್ಟು, ಕೋಶ ಸಾಯುತ್ತದೆ. ಎಳೆ ಹಾಗೇ ಇರುತ್ತದೆ. ಇನ್ನೊಂದು ಕೋಶ ಬರುತ್ತದೆ. ಮತ್ತೆ ಅದೇ ಕಥೆ. ನೀಲಿ ಮತ್ತು ಕಂದು ಕಲ್ನಾರಿನಲ್ಲಿ ಕಬ್ಬಿಣವೂ ಇದೆ. ಅದು ಈ ಉರಿಗೆ ಇನ್ನಷ್ಟು ತುಪ್ಪ ಸುರಿಯುತ್ತದೆ. ವರ್ಷಗಳು ಹೀಗೆ ಕಳೆದು ಸ್ಪಂಜಿನ ಹಾಗಿದ್ದ ಶ್ವಾಸಕೋಶ ಗಾಯದ ಕಲೆಯ ಹಾಗೆ ಗಟ್ಟಿಯಾದರೆ ಅದು ಅಸ್ಬೆಸ್ಟೋಸಿಸ್. ಕೋಶದ ವಂಶವಾಹಿ ಕೆಟ್ಟು ಬೆಳೆದರೆ ಶ್ವಾಸಕೋಶದ ಕ್ಯಾನ್ಸರ್. ಶ್ವಾಸಕೋಶದ ಸುತ್ತ ಇರುವ ತೆಳು ಪೊರೆಯಲ್ಲಿ ಕ್ಯಾನ್ಸರ್ ಹುಟ್ಟಿದರೆ ಅದಕ್ಕೆ ಮೆಸೊಥೀಲಿಯೋಮಾ ಅನ್ನುತ್ತಾರೆ. ಹೊಟ್ಟೆಯ ಪೊರೆಯಲ್ಲೂ ಬರಬಹುದು. ಬಂದರೆ ಹೆಚ್ಚಿನವರು ಒಂದೆರಡು ವರ್ಷ ದಾಟುವುದಿಲ್ಲ.

ಇದಕ್ಕೆಲ್ಲ 20, 30, 40 ವರ್ಷ ಬೇಕು. ಬೆಂಕಿಗೇ ಜಗ್ಗದ ವಸ್ತು ನಮ್ಮ ಶ್ವಾಸಕೋಶಕ್ಕೆ ಜಗ್ಗುತ್ತದಾ? ಯಾವ ಗುಣ ತೋರಿಸಿ ಮಕ್ಕಳ ಕೈಯಲ್ಲಿ ಚಪ್ಪಾಳೆ ಹೊಡೆಸಿದ್ದೆನೋ ಅದೇ ಗುಣ.

ಸರಿ, ತಾರೀಖು. 1930ರಲ್ಲಿ ಬ್ರಿಟನ್ನಿನಲ್ಲಿ ಮೆರೆವೆದರ್ ಮತ್ತು ಪ್ರೈಸ್ ಅನ್ನುವವರು 363 ಕೆಲಸಗಾರರನ್ನು ಪರೀಕ್ಷಿಸಿದ ವರದಿ ಬಂತು. 95 ಜನರ ಶ್ವಾಸಕೋಶ ಗಟ್ಟಿಯಾಗಿತ್ತು. ಅಂದರೆ ನಾಲ್ವರಲ್ಲಿ ಒಬ್ಬರು. ಮರುವರ್ಷ ಕಾನೂನು ಬಂತು. ಆದರೆ ಅದು ಕಾರ್ಖಾನೆಯೊಳಗಿನ ಧೂಳಿಗೆ ಮಾತ್ರ. ಹಡಗಿನ ಹೊಟ್ಟೆಯಲ್ಲಿ ಕೂತು ಪೈಪಿಗೆ ಸುತ್ತುವವನಿಗೆ, ಶೀಟು ಕೊಯ್ಯುವ ಬಡಗಿಗೆ ಯಾವ ಕಾನೂನೂ ಇಲ್ಲ.

1935. ಅಮೆರಿಕದಲ್ಲಿ ಅಸ್ಬೆಸ್ಟಾಸ್ ಉದ್ಯಮದವರದೇ ಒಂದು ಪತ್ರಿಕೆ ಇತ್ತು. ಈ ಕಾಯಿಲೆಯ ಬಗ್ಗೆ ಏನಾದರೂ ಹಾಕೋಣವೇ ಅಂತ ಸಂಪಾದಕರು ಕೇಳಿದರು. ರೇಬೆಸ್ಟೋಸ್ ಮ್ಯಾನ್‌ಹಟನ್ ಕಂಪನಿಯ ಅಧ್ಯಕ್ಷ ಸಮ್ನರ್ ಸಿಂಪ್ಸನ್, ಜಾನ್ಸ್ ಮ್ಯಾನ್‌ವಿಲ್ ಕಂಪನಿಯ ವಕೀಲ ವ್ಯಾಂಡಿವರ್ ಬ್ರೌನ್‌ಗೆ ಪತ್ರ ಬರೆದ. ಅಸ್ಬೆಸ್ಟಾಸ್ ಬಗ್ಗೆ ಎಷ್ಟು ಕಡಿಮೆ ಮಾತೋ ಅಷ್ಟು ನಮಗೆ ಒಳ್ಳೆಯದು ಅನ್ನುವುದು ಅದರ ಸಾರ. ಈ ಕಾಯಿಲೆಗೆ ಪ್ರಚಾರ ಸಿಗದಿದ್ದರೇ ನಮಗೆ ಲಾಭ ಅಂತ ಬ್ರೌನ್ ಕೂಡ ಒಪ್ಪಿ ಬರೆದ. ಪತ್ರಗಳು ಹೊರಬಿದ್ದದ್ದು 1977ರಲ್ಲಿ. 42 ವರ್ಷ ಪೆಟ್ಟಿಗೆಯಲ್ಲಿ ಕೂತಿದ್ದವು.

ಅಷ್ಟರೊಳಗೆ ಮಹಾಯುದ್ಧ ಬಂತು, ಸಾವಿರಾರು ಹಡಗುಗಳಿಗೆ ಕಲ್ನಾರು ತುಂಬಿದರು. ಬ್ರೇಕ್ ಪ್ಯಾಡ್, ನೆಲದ ಟೈಲ್ಸು, ಇಸ್ತ್ರಿ ಟೇಬಲ್ಲಿನ ಹೊದಿಕೆ, ಅಲಂಕಾರಕ್ಕೆ ಉದುರಿಸುವ ನಕಲಿ ಹಿಮ, ಎಲ್ಲದರಲ್ಲೂ ಬಂತು. 1952ರಿಂದ 1956ರವರೆಗೆ ಕೆಂಟ್ ಸಿಗರೇಟಿನ ಫಿಲ್ಟರಿನಲ್ಲಿ ನೀಲಿ ಕಲ್ನಾರು ಇತ್ತು. ಆರೋಗ್ಯಕ್ಕೆ ಒಳ್ಳೆಯದು ಅಂತ ಹೇಳಿ ಮಾರಿದ್ದು! ಇದನ್ನು ಮೊದಲು ಓದಿದಾಗ ಸುಳ್ಳಿರಬೇಕು ಅಂದುಕೊಂಡಿದ್ದೆ.

1955ರಲ್ಲಿ ಬ್ರಿಟನ್ನಿನ ವೈದ್ಯ ಸಂಶೋಧಕ ರಿಚರ್ಡ್ ಡಾಲ್, ನೆಲ್ಲಿ ಕೆಲಸ ಮಾಡಿದ್ದ ಅದೇ ರಾಚ್‌ಡೇಲ್ ಕಾರ್ಖಾನೆಯ ಲೆಕ್ಕ ತೆಗೆದರು. 20 ವರ್ಷಕ್ಕಿಂತ ಹೆಚ್ಚು ಅಲ್ಲಿ ದುಡಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಬೇರೆಯವರಿಗಿಂತ ಹತ್ತು ಪಟ್ಟು. ಕಂಪನಿ ಅದನ್ನು ಅಚ್ಚಾಗದಂತೆ ತಡೆಯಲು ನೋಡಿತು, ಆಗಲಿಲ್ಲ. 1960ರಲ್ಲಿ ದಕ್ಷಿಣ ಆಫ್ರಿಕಾದಿಂದ ಕ್ರಿಸ್ ವ್ಯಾಗ್ನರ್ ಮತ್ತು ಜೊತೆಗಾರರು 33 ಮೆಸೊಥೀಲಿಯೋಮಾ ರೋಗಿಗಳ ವಿವರ ಕೊಟ್ಟರು. ನೀಲಿ ಕಲ್ನಾರು ಗಣಿಗಳ ಸೀಮೆ ಅದು. ಆದರೆ ಅವರಲ್ಲಿ ಎಷ್ಟೋ ಜನ ಗಣಿಗೆ ಇಳಿದವರೇ ಅಲ್ಲ. ಚಿಕ್ಕಂದಿನಲ್ಲಿ ಆ ಸುತ್ತಮುತ್ತ ಇದ್ದವರು, ಅಷ್ಟೇ. 1964ರಲ್ಲಿ ನ್ಯೂಯಾರ್ಕಿನ ಇರ್ವಿಂಗ್ ಸೆಲಿಕಾಫ್, ಪೈಪಿಗೆ ಕಲ್ನಾರು ಸುತ್ತುವ 632 ಕೆಲಸಗಾರರ ಸಾವುಗಳನ್ನು ಎಣಿಸಿ ತೋರಿಸಿದ ಮೇಲೆ ಕಣ್ಣು ಮುಚ್ಚಿಕೊಳ್ಳುವುದು ಕಷ್ಟವಾಯಿತು. ಸಿಗರೇಟಿನ ಲೆಕ್ಕವೂ ಅವರ ಗುಂಪಿನದೇ. ಕಲ್ನಾರು ಒಂದೇ ಆದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಸುಮಾರು 5 ಪಟ್ಟು. ಸಿಗರೇಟು ಒಂದೇ ಆದರೆ ಸುಮಾರು 10 ಪಟ್ಟು. ಎರಡೂ ಸೇರಿದರೆ 15 ಅಲ್ಲ, ಸುಮಾರು 50. ಇಲ್ಲಿ ಕೂಡುವುದಿಲ್ಲ, ಗುಣಿಸುತ್ತದೆ.

1965ರ ಒಂದು ಅಧ್ಯಯನ ನನ್ನ ನಿದ್ದೆ ಕೆಡಿಸಿತು. ಮಾಲಿ ನ್ಯೂಹೌಸ್ ಮತ್ತು ಹಿಲ್ಡಾ ಥಾಂಪ್ಸನ್ ಅನ್ನುವ ಇಬ್ಬರು ಲಂಡನ್ನಿನ ಒಂದು ಆಸ್ಪತ್ರೆಯ ಮೆಸೊಥೀಲಿಯೋಮಾ ರೋಗಿಗಳ ಹಿನ್ನೆಲೆ ಕೆದಕಿದರು. ಕಾರ್ಖಾನೆಯಲ್ಲಿ ದುಡಿದವರು ಇದ್ದರು, ಸರಿ. ಕಾರ್ಖಾನೆಯಿಂದ ಅರ್ಧ ಮೈಲಿಯೊಳಗೆ ಮನೆ ಇದ್ದವರೂ ಇದ್ದರು. ಮತ್ತೆ, ಕಾರ್ಖಾನೆಗೆ ಕಾಲೇ ಇಡದೆ, ಮನೆಗೆ ಬಂದ ಗಂಡನ ಧೂಳಿನ ಬಟ್ಟೆ ಕೊಡವಿ ಒಗೆದ ಹೆಂಗಸರು ಇದ್ದರು.

ಆಸ್ಟ್ರೇಲಿಯಾದ ವಿಟ್ಟೆನೂಮ್ ಅನ್ನುವ ಗಣಿ ಊರಿನಲ್ಲಿ ನೀಲಿ ಕಲ್ನಾರು ತೆಗೆದು ಉಳಿದ ಪುಡಿಯನ್ನು ರಸ್ತೆಗೆ, ಅಂಗಳಕ್ಕೆ, ಶಾಲೆಯ ಮೈದಾನಕ್ಕೆ ಹರಡಿದ್ದರು. ಗಣಿ 1966ರಲ್ಲಿ ಮುಚ್ಚಿತು. ಅಲ್ಲಿ ಆಡಿ ಬೆಳೆದ ಎಷ್ಟೋ ಮಕ್ಕಳು ದೊಡ್ಡವರಾಗಿ ಇದೇ ಕಾಯಿಲೆಗಳಿಂದ ಸತ್ತರು. 2007ರಲ್ಲಿ ಸರ್ಕಾರ ಅದಕ್ಕಿದ್ದ 'ಊರು' ಅನ್ನುವ ಮಾನ್ಯತೆಯನ್ನೇ ತೆಗೆದುಹಾಕಿತು. ಶಾಲೆಯ ಮೈದಾನ ಅನ್ನುವ ಕಡೆ ನಾನು ಓದುವುದು ನಿಲ್ಲಿಸಿ ಎದ್ದು ಓಡಾಡಿದೆ.

1977ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ, ಅಸ್ಬೆಸ್ಟಾಸ್ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಅಂತ ಸಾರಿತು. ಜಗತ್ತಿನಲ್ಲಿ ಅತಿ ಹೆಚ್ಚು ಕಲ್ನಾರು ಅಗೆದದ್ದೂ ಆ ಹೊತ್ತಿನಲ್ಲೇ. ವರ್ಷಕ್ಕೆ ಸುಮಾರು 48 ಲಕ್ಷ ಟನ್. ಲೂಸಿ ಡೀನ್ ವರದಿಗೆ ಆಗ 79 ವರ್ಷ ವಯಸ್ಸು.

ನಿಷೇಧಗಳು ಶುರುವಾದದ್ದು ಆಮೇಲೆ. 1983ರಲ್ಲಿ ಐಸ್‌ಲೆಂಡ್. 1985ರಲ್ಲಿ ಬ್ರಿಟನ್ ನೀಲಿ ಮತ್ತು ಕಂದು ಬಗೆಯನ್ನು ನಿಲ್ಲಿಸಿತು, ಬಿಳಿಯದನ್ನು 1999ರಲ್ಲಿ. ಫ್ರಾನ್ಸ್ ನಿಷೇಧಿಸಿದಾಗ ಕೆನಡಾ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟು 2001ರಲ್ಲಿ ಸೋತಿತು. ಅದೇ ಕೆನಡಾ 2018ರಲ್ಲಿ ತಾನೇ ನಿಷೇಧಿಸಿತು. 'ಅಸ್ಬೆಸ್ಟೋಸ್' ಊರಿನವರು 2020ರಲ್ಲಿ ಊರಿನ ಹೆಸರನ್ನೇ ಬದಲಾಯಿಸಿಕೊಂಡರು. ಅಮೆರಿಕ 1989ರಲ್ಲಿ ಪ್ರಯತ್ನಿಸಿತು, 1991ರಲ್ಲಿ ಕೋರ್ಟು ಹೆಚ್ಚು ಭಾಗವನ್ನು ರದ್ದು ಮಾಡಿತು, ಬಿಳಿ ಕಲ್ನಾರಿನ ನಿಷೇಧ ಬಂದದ್ದು 2024ರಲ್ಲಿ. ಇವತ್ತಿಗೂ ಜಗತ್ತಿನಲ್ಲಿ ವರ್ಷಕ್ಕೆ ಹತ್ತು ಲಕ್ಷ ಟನ್ನಿಗೂ ಹೆಚ್ಚು ಅಗೆಯುತ್ತಾರೆ. ಬಿಳಿಯದು ಸುರಕ್ಷಿತ ಅನ್ನುವುದು ಮಾರುವವರ ವಾದ. ಬಿಳಿಯ ಎಳೆ ಸುರುಳಿ, ಶ್ವಾಸಕೋಶದಲ್ಲಿ ಬೇಗ ಕರಗುತ್ತದೆ, ನೀಲಿಯಷ್ಟು ಮೆಸೊಥೀಲಿಯೋಮಾ ತರುವುದಿಲ್ಲ ಅನ್ನುವ ಮಟ್ಟಿಗೆ ಅದು ನಿಜ. ಕಡಿಮೆ ಅಪಾಯ ಅನ್ನುವುದನ್ನು ಅಪಾಯವಿಲ್ಲ ಅಂತ ಓದುವುದು ಸುಳ್ಳು. ಎಲ್ಲ ಬಗೆಯೂ ಕ್ಯಾನ್ಸರ್ ತರುತ್ತದೆ ಅನ್ನುವುದರಲ್ಲಿ ಆರೋಗ್ಯ ಸಂಸ್ಥೆಗೆ ಅನುಮಾನವಿಲ್ಲ.

ಈಗ ನನ್ನ ತಾರೀಖು. 1986. ನನಗೆ ಗೊತ್ತಿರಲಿಲ್ಲ, ನಿಜ. 'ಯಾರಿಗೂ' ಅನ್ನುವುದನ್ನು ಮಾತ್ರ ಕೆಂಪು ಗೆರೆಯಿಂದ ಹೊಡೆದು ಹಾಕಬೇಕು. ಇನ್ನೊಂದು ವಿಷಯ ಇದೆ, ಅದನ್ನೂ ಹೇಳಿಬಿಡುತ್ತೇನೆ. ತೊಂಬತ್ತರ ದಶಕದ ಮಧ್ಯದಲ್ಲಿ ಲ್ಯಾಬ್ ಸಾಮಾನಿನ ಕ್ಯಾಟಲಾಗಿನಲ್ಲಿ ಎರಡು ಬಗೆಯ ಜಾಲರಿ ಬಂತು. ಹಳೆಯದು ಒಂದು, ಸೆರಾಮಿಕ್ ಬಿಲ್ಲೆಯದು ಇನ್ನೊಂದು. ಏಕೆ ಎರಡು ಅಂತ ನಾನು ಕೇಳಲಿಲ್ಲ. ಹಳೆಯದರ ಮುಂದೆ ಟಿಕ್ ಹಾಕಿದೆ. ಅಭ್ಯಾಸ ಇದೆಯಲ್ಲ ಅಂತ, ಸುಮ್ನೆ.

ಮಕ್ಕಳ ವಿಷಯದಲ್ಲಿ ನನಗೆ ಅಷ್ಟು ಹೆದರಿಕೆ ಇಲ್ಲ. ಅಸ್ಬೆಸ್ಟೋಸಿಸ್ ಬರಬೇಕಾದರೆ ವರ್ಷಗಟ್ಟಲೆ ದಟ್ಟ ಧೂಳು ಕುಡಿಯಬೇಕು. ಕ್ಯಾನ್ಸರಿನ ಅಪಾಯವೂ ಎಷ್ಟು ಎಳೆ ಒಳಗೆ ಹೋಯಿತು ಅನ್ನುವುದರ ಮೇಲೆ ಏರುತ್ತದೆ. ಇಷ್ಟಕ್ಕಿಂತ ಕಡಿಮೆಯಾದರೆ ಏನೂ ಆಗದು ಅಂತ ಗೆರೆ ಎಳೆಯಲು ಯಾರಿಗೂ ಆಗಿಲ್ಲ. ಆದರೂ ವಾರಕ್ಕೊಂದು ಪ್ರಾಕ್ಟಿಕಲ್ ಅಂದರೆ ತೀರಾ ಸ್ವಲ್ಪ.

ಅಷ್ಟು ಸ್ವಲ್ಪ ಅಲ್ಲದವರು ಒಬ್ಬರಿದ್ದರು. ನಮ್ಮ ಲ್ಯಾಬ್ ಅಟೆಂಡರ್. ಪ್ರತಿ ಶನಿವಾರ ಅವರು ಮೂವತ್ತೂ ಜಾಲರಿಗಳನ್ನು ಒಟ್ಟು ಹಾಕಿಕೊಂಡು, ಎರಡೆರಡನ್ನು ಒಂದಕ್ಕೊಂದು ಪಟಪಟ ಬಡಿದು, ಉದುರುವ ಪುಡಿಯನ್ನೆಲ್ಲ ಉದುರಿಸಿ, ಅಂಟಿದ್ದನ್ನು ಬ್ಲೇಡಿನಲ್ಲಿ ಕೆರೆದು, ಒಣ ಪೊರಕೆಯಲ್ಲಿ ಗುಡಿಸುತ್ತಿದ್ದರು. ಕಿಟಕಿಯ ಬಿಸಿಲಿನಲ್ಲಿ ಆ ಪುಡಿ ಮಿನುಗುತ್ತಾ ತೇಲುವುದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಚೆಂದ ಕಾಣುತ್ತಿತ್ತು. ಅವರ ಖಾಕಿ ಕೋಟಿನ ತೋಳು ಬೆಳ್ಳಗಾಗುತ್ತಿತ್ತು. ನಾನೇ ಹೊಗಳುತ್ತಿದ್ದೆ, ಎಷ್ಟು ನೀಟಾಗಿ ಇಡ್ತೀರಪ್ಪಾ ಅಂತ.

ಅವತ್ತು ಲ್ಯಾಬಿನಲ್ಲಿ ಸ್ಪ್ರೇ ಬಾಟಲಿಯಲ್ಲಿ ಸೋಪಿನ ನೀರು ತುಂಬಿ ಆ ಕಟ್ಟಿಗೆ ಚೆನ್ನಾಗಿ ಹೊಡೆದೆವು. ಒದ್ದೆಯಿದ್ದರೆ ಎಳೆ ಹಾರುವುದಿಲ್ಲ. ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ, ಟೇಪು ಹಾಕಿ, ಮೇಲೆ ದಪ್ಪ ಅಕ್ಷರದಲ್ಲಿ 'ಕಲ್ನಾರು, ಬಿಚ್ಚಬೇಡಿ' ಅಂತ ಬರೆದೆ. ಅಪಾಯಕಾರಿ ಕಸ ಒಯ್ಯುವವರು ಬರುವ ತನಕ ಅದು ಬೀಗ ಹಾಕಿದ ಖಾನೆಯಲ್ಲಿದೆ. ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನೂ ಚೀಲಕ್ಕೆ ಹಾಕಿದೆವು.

ಎರಡು ದಿನ ತಡೆದು ಅಟೆಂಡರಿಗೆ ಫೋನ್ ಮಾಡಿದೆ. ನಿವೃತ್ತರಾಗಿ ಹತ್ತು ವರ್ಷದ ಮೇಲಾಯಿತು. ಧ್ವನಿ ಕೇಳಿ ಖುಷಿಪಟ್ಟರು. ನಾನು ಸುತ್ತಿ ಬಳಸಿ ವಿಷಯಕ್ಕೆ ಬಂದೆ. ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತದಾ? ಒಣ ಕೆಮ್ಮು ಇದೆಯಾ? ಸಿಗರೇಟು?

"ಅದು ಬಿಟ್ಟು ಎಂಟು ವರ್ಷ ಆಯ್ತು ಮೇಡಂ. ಉಸಿರೆಲ್ಲ ಚೆನ್ನಾಗೇ ಇದೆ. ಯಾಕೆ?"

ಜಾಲರಿಯ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಬಡೀತಿದ್ದೆನಲ್ಲ, ಅದಾ?" ಅಂದರು. ಹೌದು ಅಂದೆ. ಡಾಕ್ಟರ ಹತ್ತಿರ ಹೋದಾಗ ಈ ಕೆಲಸ ಮಾಡಿದ್ದೆ ಅಂತ ತಪ್ಪದೆ ಹೇಳಿ, ಒಂದು ಎದೆಯ ಎಕ್ಸ್‌ರೇ ತೆಗೆಸಿ, ನಾನೂ ಜೊತೆಗೆ ಬರುತ್ತೇನೆ ಅಂದೆ. "ಆಯ್ತು ಮೇಡಂ, ನೋಡೋಣ" ಅಂದರು. ಫೋನ್ ಇಡುವ ಮುಂಚೆ ಇನ್ನೊಂದು ಪ್ರಶ್ನೆ ಕೇಳಬೇಕಿತ್ತು. ಕೇಳಿದೆ.

"ಆ ಖಾಕಿ ಕೋಟು ಮನೆಗೆ ತಗೊಂಡು ಹೋಗ್ತಿದ್ರಲ್ಲ, ಯಾರು ಒಗೀತಿದ್ದರು?"

"ಇನ್ಯಾರು, ನಮ್ಮನೆಯವಳೇ. ಇಲ್ಲೇ ಇದ್ದಾಳೆ, ಕೊಡ್ಲಾ?" ಅಂತ ನಾನು ಬೇಡ ಅನ್ನುವಷ್ಟರಲ್ಲಿ ಫೋನ್ ಕೊಟ್ಟರು. ಆ ಕಡೆಯಿಂದ ನಗುವ ಧ್ವನಿ ಬಂತು. "ಹೇಳಿ ಮೇಡಂ, ಚೆನ್ನಾಗಿದ್ದೀರಾ? ಎಷ್ಟು ವರ್ಷ ಆಯ್ತು ನಿಮ್ಮ ಜೊತೆ ಮಾತಾಡಿ!"